ರ‍್ಯಾಮ್ಸೆ ಸ್ಟ್ರೀಟ್ ಬಿಟ್ಟು ಹೋದವರು, ಉಳಿದವರು

ಕೇಳುಗರಿಗೆ ನಮಸ್ಕಾರ.

ಕ್ರಿಸ್ ಹೆಮ್ಸ್‌ವರ್ತ್ ಅಂದರೆ ನೆನಪಾಗುವುದು ಥಾರ್. ಮಾರ್ಗೊ ರಾಬಿ ಅಂದರೆ ಬಾರ್ಬಿ. ಹೀತ್ ಲೆಜರ್ ಅಂದರೆ ಜೋಕರ್. ಮೂವರೂ ಆಸ್ಟ್ರೇಲಿಯಾದವರು. ಹಾಲಿವುಡ್ ಮೆಟ್ಟಿಲು ಹತ್ತುವ ಮೊದಲು ಮೂವರೂ ತಮ್ಮ ದೇಶದ ಸಂಜೆಯ ಧಾರಾವಾಹಿಗಳಲ್ಲಿ ಮುಖ ತೋರಿಸಿದವರು. ಹೀಗೆ ಹೋದವರ ಕತೆ ಎಲ್ಲರಿಗೂ ಗೊತ್ತು. ನನಗೆ ಅವರಿಗಿಂತ ಜಾಸ್ತಿ ಕುತೂಹಲ ಇರುವುದು ಅಲ್ಲೇ ಉಳಿದವರ ಬಗ್ಗೆ.

ಆಸ್ಟ್ರೇಲಿಯಾಕ್ಕೆ ಟಿವಿ ಬಂದದ್ದು 1956ರಲ್ಲಿ, ಮೆಲ್ಬರ್ನ್ ಒಲಿಂಪಿಕ್ಸ್ ನಡೆದ ವರ್ಷ. ಮೊದಮೊದಲು ತೆರೆಯ ತುಂಬ ಅಮೆರಿಕದ, ಬ್ರಿಟನ್ನಿನ ಕಾರ್ಯಕ್ರಮಗಳೇ. 1964ರಲ್ಲಿ ಮೆಲ್ಬರ್ನಿನ ಕ್ರಾಫರ್ಡ್ ಪ್ರೊಡಕ್ಷನ್ಸ್ ‘ಹೋಮಿಸೈಡ್’ ಎಂಬ ಪೊಲೀಸ್ ಸರಣಿ ಶುರುಮಾಡಿತು. ಅದರಲ್ಲಿ ಇದ್ದದ್ದು ತಮ್ಮ ಊರಿನ ಬೀದಿ, ತಮ್ಮ ಜನ ಮಾತಾಡುವ ಇಂಗ್ಲಿಷ್. ಅದು ಹನ್ನೆರಡು ವರ್ಷ ಓಡಿತು. ಆಮೇಲೆ ಹೆಂಗಸರ ಜೈಲಿನ ಕತೆಯ ‘ಪ್ರಿಸನರ್’, ಹಳ್ಳಿ ಡಾಕ್ಟರುಗಳ ‘ಎ ಕಂಟ್ರಿ ಪ್ರಾಕ್ಟೀಸ್’, ಹೀಗೆ ಒಂದರ ಹಿಂದೆ ಒಂದು ಬಂದವು.

ಆದರೆ ಹೊರಗಿನ ಜಗತ್ತಿಗೆ ಗೊತ್ತಾದದ್ದು ಮುಖ್ಯವಾಗಿ ಎರಡು: ‘ನೇಬರ್ಸ್’ ಮತ್ತು ‘ಹೋಮ್ ಅಂಡ್ ಅವೇ’.

‘ನೇಬರ್ಸ್’ ಶುರುವಾದದ್ದು 1985ರ ಮಾರ್ಚ್ 18ರಂದು, ಸೆವೆನ್ ಚಾನೆಲ್‌ನಲ್ಲಿ. ಕಲ್ಪಿಸಿದವರು ರೆಗ್ ವಾಟ್ಸನ್. ಕತೆ ಅಂದರೆ ಏನು? ಮೆಲ್ಬರ್ನಿನ ಹೊರವಲಯದ ಎರಿನ್ಸ್‌ಬರೊ ಎಂಬ ಕಾಲ್ಪನಿಕ ಬಡಾವಣೆ. ಅದರಲ್ಲಿ ರ‍್ಯಾಮ್ಸೆ ಸ್ಟ್ರೀಟ್ ಎಂಬ ಬೀದಿ. ಬೀದಿಯ ಕೊನೆ ಮುಚ್ಚಿದೆ, ಕೆಲವೇ ಮನೆಗಳು. ಆ ಮನೆಗಳ ಜಗಳ, ಪ್ರೀತಿ, ಮದುವೆ, ಸಾವು. ಅಷ್ಟೇ. ಮೆಲ್ಬರ್ನಿನವರು ನೋಡಿದರು, ಸಿಡ್ನಿಯವರು ನೋಡಲಿಲ್ಲ. ವರ್ಷ ತುಂಬುವ ಮೊದಲೇ ಸೆವೆನ್‌ನವರು ಕೈಬಿಟ್ಟರು. ಪ್ರತಿಸ್ಪರ್ಧಿ ಟೆನ್ ಚಾನೆಲ್ ಅದನ್ನು ಎತ್ತಿಕೊಂಡು 1986ರ ಜನವರಿಯಲ್ಲಿ ಮತ್ತೆ ಶುರುಮಾಡಿತು. ಬೇಡ ಅಂತ ಬಿಟ್ಟವರು ಆಮೇಲೆ ಎಷ್ಟು ಕೈ ಹಿಸುಕಿಕೊಂಡಿರಬೇಕು!

ಟೆನ್‌ಗೆ ಬಂದ ಮೇಲೆ ಹರೆಯದವರ ಪಾತ್ರಗಳು ಹೆಚ್ಚಿದವು. ಮುಂದೆ ಪಾಪ್ ಗಾಯಕಿಯಾಗಿ ಹೆಸರಾದ ಕೈಲಿ ಮಿನೋಗ್ ಬಂದದ್ದು ಆಗಲೇ. ಅವರು ಮಾಡಿದ ಶಾರ್ಲೀನ್ ಕಾರ್ ಮೆಕ್ಯಾನಿಕ್. ಎಂಬತ್ತರ ದಶಕದ ಟಿವಿಯಲ್ಲಿ ಮೇಲಂಗಿ ತೊಟ್ಟು, ಕೈಗೆ ಗ್ರೀಸ್ ಮೆತ್ತಿಕೊಂಡ ನಾಯಕಿ! ಪಕ್ಕದ ಮನೆಯ ಸ್ಕಾಟ್ ಆಗಿ ಜೇಸನ್ ಡೊನೊವನ್. ಇವರಿಬ್ಬರ ಮದುವೆ 1987ರ ಜುಲೈಯಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಸಾರವಾಯಿತು. ಅದೇ ಕಂತು ಬ್ರಿಟನ್ನಿನಲ್ಲಿ ಬಂದದ್ದು ಒಂದು ವರ್ಷಕ್ಕೂ ತಡವಾಗಿ, 1988ರ ನವೆಂಬರಿನಲ್ಲಿ. ಆಗ ನೋಡಿದವರು ಹತ್ತಿರ ಹತ್ತಿರ ಎರಡು ಕೋಟಿ ಜನ. ಅಂದರೆ ಆಸ್ಟ್ರೇಲಿಯಾದ ಆಗಿನ ಜನಸಂಖ್ಯೆಗಿಂತಲೂ ಜಾಸ್ತಿ.

ಬ್ರಿಟನ್ನಿನಲ್ಲಿ ಇದು ಯಾಕೆ ಅಷ್ಟು ಹಿಡಿಸಿತು? ಅಲ್ಲಿನ ಧಾರಾವಾಹಿಗಳಲ್ಲಿ ಮಳೆ, ಮೋಡ, ಪಬ್ಬಿನೊಳಗಿನ ಕೂಗಾಟ. ಇಲ್ಲಿ ಬಿಸಿಲು, ಹಿತ್ತಲು, ಈಜುಕೊಳ. ಸಮಯವೂ ಕೂಡಿಬಂತು. ಮೊದಲು ಬಿಬಿಸಿ ಇದನ್ನು ಹಗಲಲ್ಲಿ ಹಾಕುತ್ತಿತ್ತು, ಶಾಲೆಗೆ ಹೋಗುವವರಿಗೆ ಸಿಗುತ್ತಿರಲಿಲ್ಲ. 1988ರಲ್ಲಿ ಮರುಪ್ರಸಾರವನ್ನು ಸಂಜೆ 5:35ಕ್ಕೆ ತಂದರು. ಮಕ್ಕಳು ಮನೆಗೆ ಬಂದು ಟಿವಿ ಮುಂದೆ ಕೂತೇಬಿಟ್ಟರು.

ಈಗ ಕೆಲಸದ ವಿಚಾರ. ವಾರಕ್ಕೆ ಐದು ಕಂತು ಅಂದರೆ ಸುಮ್ನೆ ಅಲ್ಲ. ಒಂದೊಂದು ಸುಮಾರು 22 ನಿಮಿಷ. ಪ್ರತಿ ವಾರ ಒಂದು ಸಿನಿಮಾದಷ್ಟು ಚಿತ್ರೀಕರಣ ಆಗಬೇಕು. ಮಾತು ತಪ್ಪಿದರೆ ಮತ್ತೆ ಮತ್ತೆ ತೆಗೆಯಲು ಪುರುಸೊತ್ತು ಇಲ್ಲ. ಬೆಳಗ್ಗೆ ಅಳಬೇಕು, ಮಧ್ಯಾಹ್ನ ಇನ್ಯಾವುದೋ ಕಂತಿಗೆ ನಗಬೇಕು. ಎಳೆಯ ನಟರಿಗೆ ಇದು ಒಳ್ಳೆಯ ಗರಡಿಮನೆ. ಗೈ ಪಿಯರ್ಸ್ ಇಲ್ಲಿ ಪಳಗಿದವರು. ರಸೆಲ್ ಕ್ರೋ ಕೂಡ 1987ರಲ್ಲಿ ಕೆಲವು ಕಂತಿಗೆ ಬಂದುಹೋದರು. ಮಾರ್ಗೊ ರಾಬಿ 2008ರಿಂದ ಮೂರು ವರ್ಷ ಡೊನ್ನಾ ಆಗಿದ್ದರು. ಆ ಕಡೆ ‘ಹೋಮ್ ಅಂಡ್ ಅವೇ’ಯಲ್ಲಿ ನವೋಮಿ ವಾಟ್ಸ್, ಹೀತ್ ಲೆಜರ್, ಕ್ರಿಸ್ ಹೆಮ್ಸ್‌ವರ್ತ್.

ಆ ಧಾರಾವಾಹಿಯ ಕಡಲತೀರದ ಊರು ಸಮ್ಮರ್ ಬೇ. ಚಿತ್ರೀಕರಣ ಸಿಡ್ನಿಯ ಉತ್ತರಕ್ಕಿರುವ ಪಾಮ್ ಬೀಚಿನಲ್ಲಿ. 1988ರ ಜನವರಿಯ ಮೊದಲ ಕಂತಿನಲ್ಲೇ ಆಲ್ಫ್ ಸ್ಟೀವರ್ಟ್ ಎಂಬ ಸಿಡುಕು ಮನುಷ್ಯ ಇದ್ದಾನೆ. ಆ ಪಾತ್ರ ಮಾಡಿದ ರೇ ಮಾರ್ ಅಂದಿನಿಂದ ಅದನ್ನು ಬಿಡಲೇ ಇಲ್ಲ. ಗಿನ್ನೆಸ್ ದಾಖಲೆಯೂ ಆಯಿತು. 2010ರಲ್ಲಿ ಅಲ್ಲಿನ ದೊಡ್ಡ ಟಿವಿ ಪ್ರಶಸ್ತಿ ಗೋಲ್ಡ್ ಲೋಗಿ ಬಂತು. ಇದೇ ಮನುಷ್ಯ ಹಿಂದೆ ‘ಪ್ರಿಸನರ್’ನಲ್ಲಿ ಮೂರು ಬೇರೆ ಬೇರೆ ಪಾತ್ರ ಮಾಡಿದ್ದವರು. ಬೇರೆ ವೇಷ ಹಾಕಲು ಬಾರದವರೇನಲ್ಲ. ಆದರೂ ಒಂದೇ ಪಾತ್ರದಲ್ಲಿ ಮುದುಕರಾದರು. ಹೊಸ ಹುಡುಗ ಬರುತ್ತಾನೆ, ಮೂರು ವರ್ಷಕ್ಕೆ ಹಾರಿಹೋಗುತ್ತಾನೆ. ಅವನ ಮೊದಲ ದೃಶ್ಯದಲ್ಲಿ ಎದುರು ನಿಂತು ಮಾತು ಎತ್ತಿಕೊಡುವವರು ಇಂಥವರೇ. ಆ ಕೆಲಸಕ್ಕೆ ಆಸ್ಕರ್ ಯಾರೂ ಕೊಡುವುದಿಲ್ಲ, ಅಲ್ವಾ?

‘ನೇಬರ್ಸ್’ನಲ್ಲಿ ಅಂಥವರು ಇಯನ್ ಸ್ಮಿತ್. ಮೊದಲು ‘ಪ್ರಿಸನರ್’ಗೆ ಸಂಭಾಷಣೆ ಬರೆಯುತ್ತಿದ್ದರು, ನಟಿಸುತ್ತಲೂ ಇದ್ದರು. ಇಲ್ಲಿ ಹೆರಾಲ್ಡ್ ಬಿಷಪ್ ಆದರು. ದಪ್ಪ ಕನ್ನಡಕ, ಊದಿದ ಕೆನ್ನೆ, ಮಾತು ಮಾತಿಗೂ ಬುದ್ಧಿವಾದ. 1991ರಲ್ಲಿ ಹೆರಾಲ್ಡ್ ಸಮುದ್ರದ ಪಾಲಾದ. ಸಿಕ್ಕಿದ್ದು ಕನ್ನಡಕ ಮಾತ್ರ. ಐದು ವರ್ಷವಾದ ಮೇಲೆ, 1996ರಲ್ಲಿ, ಹಳೆಯ ಪರಿಚಯದ ಹೆಲೆನ್ ಕಣ್ಣಿಗೆ ಬಿದ್ದ. ನೆನಪು ಹೋಗಿದೆ, ತನ್ನ ಹೆಸರು ಟೆಡ್ ಅನ್ನುತ್ತಾನೆ! ನಮ್ಮ ಧಾರಾವಾಹಿಗಳನ್ನು ನೋಡಿ ನಗುವವರು ಇದನ್ನೂ ಸ್ವಲ್ಪ ನೋಡಬೇಕು. ಆದರೆ ಸ್ಮಿತ್ ಆ ಪಾತ್ರವನ್ನು ಎಷ್ಟು ನಂಬಿ ಮಾಡಿದರೆಂದರೆ, ಜನರೂ ನಂಬಿದರು.

2022ರಲ್ಲಿ ಬ್ರಿಟನ್ನಿನ ಚಾನೆಲ್ ಫೈವ್ ‘ನೇಬರ್ಸ್’ಗೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಖರ್ಚಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಜುಲೈ 28ರ ಕೊನೆಯ ಕಂತಿಗೆ ಕೈಲಿ, ಜೇಸನ್, ಗೈ ಪಿಯರ್ಸ್ ಮರಳಿ ಬಂದರು. ಮಾರ್ಗೊ ರಾಬಿ ವಿಡಿಯೊದಲ್ಲಿ ಕಾಣಿಸಿಕೊಂಡರು. ಆಮೇಲೆ ಅಮೆಜಾನ್ ಕೈಹಿಡಿದು 2023ರಲ್ಲಿ ಮತ್ತೆ ಶುರುವಾಯಿತು. 2025ರ ಡಿಸೆಂಬರಿನಲ್ಲಿ ಮತ್ತೆ ನಿಂತಿತು. ಮೊದಲ ಕಂತಿನಲ್ಲಿದ್ದ ಪಾಲ್ ರಾಬಿನ್ಸನ್, ಅಂದರೆ ನಟ ಸ್ಟೆಫಾನ್ ಡೆನಿಸ್, ನಡುವೆ ಕೆಲವು ವರ್ಷ ಹೊರಗಿದ್ದರೂ ಕೊನೆಯವರೆಗೂ ಇದ್ದರು.

ಒಂದು ಮಾತು ಹೇಳದೆ ಬಿಡಲಾರೆ. ಆ ಬಿಸಿಲಿನ ಬೀದಿಯಲ್ಲಿ ಬಹಳ ಕಾಲ ಇದ್ದವರು ಹೆಚ್ಚುಕಮ್ಮಿ ಬಿಳಿಯರೇ. ಆ ನೆಲದ ಮೂಲನಿವಾಸಿ ನಟರಲ್ಲಿ ಮುಖ್ಯ ತಂಡಕ್ಕೆ ಮೊದಲು ಬಂದವರು ಮೇನ್ ವೈಯಟ್, 2014ರಲ್ಲಿ. ಅಂದರೆ ಸುಮಾರು ಮೂವತ್ತು ವರ್ಷ ಕಳೆದ ಮೇಲೆ! ಭಾರತೀಯ ಮೂಲದ ಕಪೂರ್ ಕುಟುಂಬ ಬಂದದ್ದು 2011ರಿಂದ. ಗಂಡ ಅಜಯ್ ವಕೀಲ, ಹೆಂಡತಿ ಪ್ರಿಯಾ ಶಾಲೆಯ ಮುಖ್ಯಸ್ಥೆ. ಬೀದಿಗೆ ಬಿಳಿಯರಲ್ಲದವರು ಬಂದರೆಂದು ಕೆಲವು ವೀಕ್ಷಕರು ಕೆಟ್ಟದಾಗಿ ಬರೆದರು. 2013ರ ಹೊತ್ತಿಗೆ ಆ ಕುಟುಂಬವೇ ಕತೆಯಿಂದ ಮಾಯ.

2017ರಲ್ಲಿ ದೀಪಿ ಎಂಬ ಪಾತ್ರ ಬಂತು. ನಟಿ ಶರೋನ್ ಜೋಹಲ್. ಕತೆಯಲ್ಲಿ ಹೆರಾಲ್ಡನ ಹೆಸರಿನ ಒಂದು ಕೆಫೆ ಇತ್ತು, ಅದನ್ನು ನಡೆಸಿದವಳು ಈ ದೀಪಿ. ಪಾತ್ರ ಮುಗಿಸಿ ಹೊರಬಂದ ಮೇಲೆ, 2021ರಲ್ಲಿ, ಸೆಟ್ಟಿನಲ್ಲಿ ತಾನು ಜನಾಂಗೀಯ ನಿಂದನೆ ಎದುರಿಸಿದ್ದಾಗಿ ಶರೋನ್ ಬಹಿರಂಗವಾಗಿ ಹೇಳಿದರು. ಮೇನ್ ವೈಯಟ್ ಕೂಡ ಅದೇ ವರ್ಷ ದನಿ ಎತ್ತಿದರು. ಉಳಿಯುವುದು ಎಲ್ಲರಿಗೂ ಒಂದೇ ಥರ ಸಲೀಸಾಗಿರಲಿಲ್ಲ.

ನಮಸ್ಕಾರ.