ಗೇರುಸಿಪ್ಪೆಯ ಎಣ್ಣೆ ಮತ್ತು ಪೆಟ್ಟು ತಾಳುವ ಪ್ಲಾಸ್ಟಿಕ್

ಕೇಳುಗ ಬಾಂಧವರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಅಡಿಕೆ ತೋಟಗಳಿಗೆ ಈಗ ಕಾರ್ಬನ್ ಫೈಬರ್ ದೋಟಿ, ಎಂದರೆ ಮರದ ತುದಿ ಮುಟ್ಟುವ ಉದ್ದದ ಕೋಲು, ಬಂದಿದೆ. ಕೊಯ್ಲಿಗೂ ಆಯಿತು, ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಬಿಡುವುದಕ್ಕೂ ಆಯಿತು. ಹಗುರ, ಉದ್ದ, ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಕೈತಪ್ಪಿ ಮುರಕಲ್ಲಿನ ಮೇಲೆ ಅಡ್ಡ ಬಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಎಳೆಗಳಿಗೆ ಬಲವಿದೆ, ಆದರೆ ಅವುಗಳನ್ನು ಹಿಡಿದಿಡುವುದು ಎಪಾಕ್ಸಿ ಎಂಬ ಪ್ಲಾಸ್ಟಿಕ್. ಬಿರುಕು ಹರಿಯುವುದು ಹೆಚ್ಚಾಗಿ ಅದರೊಳಗೆ.

ಗಡಸಾಗಿರುವುದು ಬೇರೆ, ಪೆಟ್ಟು ತಾಳುವುದು ಬೇರೆ. 1907ರಲ್ಲಿ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟಿನ ಕಪ್ಪು ಸ್ವಿಚ್ಚುಗಳು ನಿಮಗೆ ನೆನಪಿರಬಹುದು. ಉಗುರಿನಿಂದ ಗೀರಿದರೆ ಗುರುತೂ ಬೀಳದು, ನೆಲಕ್ಕೆ ಬಿದ್ದರೆ ಎರಡು ಹೋಳು. ಈ ಗುಣವನ್ನು ಅಳೆಯುವ ಶಾರ್ಪಿ ಪರೀಕ್ಷೆ ನೋಡುವುದಕ್ಕೆ ಬಹಳ ಸರಳ. 80 ಮಿಲಿಮೀಟರ್ ಉದ್ದ, 10 ಅಗಲ, 4 ದಪ್ಪದ ಪ್ಲಾಸ್ಟಿಕ್ ಪಟ್ಟಿಯ ಅಂಚಿನಲ್ಲಿ 2 ಮಿಲಿಮೀಟರ್ ಆಳದ ಕಚ್ಚು ಹಾಕಿ, ಎರಡು ಆಸರೆಗಳ ನಡುವೆ ಇಡುತ್ತಾರೆ. ತೂಗುವ ಸುತ್ತಿಗೆಯೊಂದು ಮೇಲಿನಿಂದ ಬೀಸಿ ಬಂದು ಪಟ್ಟಿಯನ್ನು ಮುರಿದು ಆಚೆ ಬದಿಗೆ ಏರುತ್ತದೆ. ಎಷ್ಟು ಕಡಿಮೆ ಏರುತ್ತದೋ ಅಷ್ಟು ಶಕ್ತಿಯನ್ನು ಪಟ್ಟಿ ನುಂಗಿದೆ ಎಂದು ಲೆಕ್ಕ. ಕಚ್ಚು ಹಾಕುವುದೇ ಇಲ್ಲಿನ ಮರ್ಮ. ಬಿರುಕು ಮೊದಲೇ ಇದ್ದಾಗ ವಸ್ತು ಏನು ಮಾಡುತ್ತದೆ ಎಂಬುದು ನಮಗೆ ಬೇಕಾದ ಪ್ರಶ್ನೆ. ದೋಟಿ ಕೊಳ್ಳುವಾಗ ಉದ್ದ, ತೂಕ, ಬೆಲೆಯ ಜೊತೆಗೆ ಪಟ್ಟಿ ನುಂಗಿದ ಶಕ್ತಿಯ ಈ ಅಂಕಿಯನ್ನೂ ಕೇಳಬೇಕು. ಒಣ ಪಟ್ಟಿಯದು, ನೀರಿನಲ್ಲಿ ನೆನೆದ ಪಟ್ಟಿಯದು, ಎರಡನ್ನೂ ಕೇಳಬೇಕು. ನಮ್ಮ ಆಟಿಯ ಮಳೆಯಲ್ಲಿ ನೆನೆಯದ ಸಾಮಾನು ಯಾವುದಿದೆ?

ಪ್ಲಾಸ್ಟಿಕ್ಕಿಗೆ ಪೆಟ್ಟು ತಾಳುವ ಗುಣ ಕೊಡಲು ಸಸ್ಯದ ಎಣ್ಣೆ ಕೆಲಸಕ್ಕೆ ಬರುತ್ತದೆ. ಎಣ್ಣೆಯ ಅಣುವೆಂದರೆ ಗ್ಲಿಸರಿನ್‌ಗೆ ಕಟ್ಟಿದ ಮೂರು ಉದ್ದದ ಇಂಗಾಲದ ಸರಪಳಿಗಳು. ಸರಪಳಿಯಲ್ಲಿ ದ್ವಿಬಂಧಗಳಿದ್ದರೆ, ಎಂದರೆ ಎರಡು ಇಂಗಾಲಗಳು ಜೋಡಿ ಕೊಂಡಿಯಿಂದ ಕೂಡಿದ ಜಾಗಗಳಿದ್ದರೆ, ಅಲ್ಲಿ ಒಂದು ಅಣುವನ್ನು ಇನ್ನೊಂದಕ್ಕೆ ಗಂಟು ಹಾಕಿ ಪ್ಲಾಸ್ಟಿಕ್ಕಿನ ಬಲೆ ಹೆಣೆಯಬಹುದು. ಅಗಸೆ, ಸೋಯಾ ಎಣ್ಣೆಗಳಲ್ಲಿ ಅಂಥ ಜಾಗ ಧಾರಾಳ. ನಮ್ಮ ತೆಂಗಿನೆಣ್ಣೆ ಆಗದೇ ಎಂದು ಕೇಳುವವರಿದ್ದಾರೆ. ಅದರ ಸರಪಳಿಗಳಾದ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ಸುಮಾರು 90 ಪಾಲು ಪರ್ಯಾಪ್ತ, ಎಂದರೆ ದ್ವಿಬಂಧವಿಲ್ಲದವು, ಹಾಗಾಗಿ ಗಂಟು ಹಾಕಲು ಜಾಗವೇ ಸಿಗುವುದಿಲ್ಲ. ಹರಳೆಣ್ಣೆಯ ದಾರಿ ಇನ್ನೊಂದು. ಅದರಿಂದ ತೆಗೆದ ನೈಲಾನ್ 11 ಲಾರಿಗಳ ಏರ್ ಬ್ರೇಕ್ ಕೊಳವೆಗಳಲ್ಲಿದೆ. ಕೊರೆಯುವ ಚಳಿಯಲ್ಲೂ ಪೆಟ್ಟು ತಾಳುತ್ತದೆ, ಸಾಮಾನ್ಯ ನೈಲಾನಿಗಿಂತ ಬಹಳ ಕಡಿಮೆ ನೀರು ಹೀರುತ್ತದೆ. ಗಿಡದಿಂದ ಬಂದದ್ದೆಂದು ಅದು ಮಣ್ಣಿನಲ್ಲಿ ಕೊಳೆಯುತ್ತದೆಂದು ಮಾತ್ರ ತಿಳಿಯಬೇಡಿ, ಕೊಳೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ನಮ್ಮ ಗುಡ್ಡೆಗಳ ಗೇರು. ಬೀಜ ಸುಡುವಾಗ ಚಟ್ಟನೆ ಸಿಡಿದು ಕೈಮೇಲೆ ಕಪ್ಪು ಕಲೆ ಮಾಡುವ ಎಣ್ಣೆ ಗೊತ್ತಲ್ಲ, ಅದೇ. ಅಡುಗೆಯ ಎಣ್ಣೆಗಳ ಜಾತಿಗೆ ಅದು ಸೇರಿದ್ದಲ್ಲ. ಅದರಲ್ಲಿ ಹೆಚ್ಚಿರುವುದು ಅನಕಾರ್ಡಿಕ್ ಆಮ್ಲ. ಚೆನ್ನಾಗಿ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲಿನ ತಲೆ ಬೇಕಲೈಟಿನಲ್ಲಿರುವಂಥ ಗಡಸು ಫೀನಾಲ್ ಉಂಗುರ, ಬಾಲ 15 ಇಂಗಾಲಗಳ ಮೆತ್ತನೆಯ ಸರಪಳಿ. ಗಡಸೂ ಮೆತ್ತಗೂ ಒಂದೇ ಅಣುವಿನಲ್ಲಿ! ಹೊರಗಿನಿಂದ ಬೆರೆಸಿದ ಮೆದುಕಾರಿ ಕಾಲಕ್ರಮದಲ್ಲಿ ಒಸರಿ ಹೋಗಬಹುದು. ಈ ಬಾಲವಾದರೋ ಅಣುವಿಗೇ ಅಂಟಿಕೊಂಡದ್ದು, ಎಲ್ಲಿಗೂ ಹೋಗದು. ಬಿರುಕಿನ ಮೊನೆಯಲ್ಲಿ ವಸ್ತು ತುಸು ಜಗ್ಗಿ ಕೊಡುತ್ತದೆ, ಮೊನೆ ಮೊಂಡಾಗುತ್ತದೆ, ಪೆಟ್ಟಿನ ಶಕ್ತಿ ಅಲ್ಲೇ ಕರಗುತ್ತದೆ. ಬಾಲ ನೀರನ್ನೂ ದೂರ ಇಡುತ್ತದೆ. ಅದಕ್ಕೇ ಕಾರ್ಡನಾಲಿನಿಂದ ಮಾಡಿದ ಎಪಾಕ್ಸಿ ಗಟ್ಟಿಕಾರಕಗಳನ್ನು ಹಡಗುಗಳ ಬಣ್ಣದಲ್ಲಿ ಬಳಸುತ್ತಾರೆ, ತೇವದ ಮೈಮೇಲೂ ಅವು ಹಿಡಿದುಕೊಳ್ಳುತ್ತವೆ. ವಾಹನಗಳ ಬ್ರೇಕ್ ಲೈನಿಂಗಿಗೂ ಗೇರೆಣ್ಣೆಯ ರಾಳ ಹೋಗುತ್ತದೆ.

ಹಾಗೆಂದು ಸುರಿದಷ್ಟೂ ಒಳ್ಳೆಯದಲ್ಲ. ಬಾಲ ಹೆಚ್ಚಾದರೆ ಬಲೆಯ ಗಂಟುಗಳು ದೂರವಾಗಿ ಬಿಗಿ ಸಡಿಲುತ್ತದೆ, ಮೆತ್ತಗಾಗುವ ತಾಪವೂ ಇಳಿಯುತ್ತದೆ. ಮಾರ್ಚಿನ ಬಿಸಿಲಿನಲ್ಲಿ ಕಾದ ಕಪ್ಪು ಕೋಲು ಬಾಗಿ ನಿಂತರೆ ಪೆಟ್ಟು ತಾಳಿ ಏನು ಪ್ರಯೋಜನ? ಎಷ್ಟು ಬೆರೆಸಬೇಕು ಎಂಬುದನ್ನು ಒಂದೊಂದು ಸಾಮಾನಿಗೂ ಬೇರೆಯಾಗಿಯೇ ತೂಗಿ ನೋಡಬೇಕು. "ಸಸ್ಯಜನ್ಯ" ಎಂಬ ಚೀಟಿ ಆ ಕೆಲಸ ಮಾಡುವುದಿಲ್ಲ.

ಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸುವ ಹೆಂಗಸರು ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಳ್ಳುವುದು ಈ ಎಣ್ಣೆ ಸುಡುತ್ತದೆ ಎಂದೇ. ಅವರ ಕೈಗೆ ಒಳ್ಳೆಯ ಗವುಸು ಮೊದಲು ಸಿಗಬೇಕು. ಸಿಪ್ಪೆಯನ್ನು ಹಾಗೇ ಬಾಯ್ಲರಿಗೆ ಹಾಕುವವರಿಗೂ ಒಂದು ಮಾತು: ಮೊದಲು ಎಕ್ಸ್‌ಪೆಲ್ಲರಿನಲ್ಲಿ ಹಿಂಡಿ ಎಣ್ಣೆ ತೆಗೆಯಿರಿ. ಉಳಿದ ಹಿಂಡಿಯೂ ಚೆನ್ನಾಗಿಯೇ ಉರಿಯುತ್ತದೆ.

ನಮಸ್ಕಾರ.