ಊರು ಕಾಣೆಯಾದ ಜಾಗದಲ್ಲೇ ಆ ಊರಿನ ನಾಟಕ

[ದೃಶ್ಯ: ಮುಸ್ಸಂಜೆ. ನೀರಿನ ದಡದಲ್ಲಿ ಬಯಲು ರಂಗಮಂದಿರ]

ನಮಸ್ಕಾರ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ರೋನೋಕ್ ಅಂತ ಒಂದು ದ್ವೀಪ ಇದೆ. 1587ರಲ್ಲಿ ನೂರಕ್ಕೂ ಜಾಸ್ತಿ ಇಂಗ್ಲಿಷರು ಅಲ್ಲಿಗೆ ಬಂದು ನೆಲೆಸಿದರು. ಹೆಂಗಸರು, ಮಕ್ಕಳೂ ಇದ್ದರು. ಮೂರು ವರ್ಷ ಬಿಟ್ಟು ಹಡಗು ಬಂದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಅವರ ಕಥೆಯನ್ನು ಅದೇ ದ್ವೀಪದಲ್ಲಿ, ಬಯಲಲ್ಲೇ, ಬೇಸಿಗೆಯ ರಾತ್ರಿಗಳಲ್ಲಿ ಆಡುತ್ತಾರೆ. ನಾಟಕದ ಹೆಸರು 'ದಿ ಲಾಸ್ಟ್ ಕಾಲನಿ'.

[ನಕ್ಷೆ: ರಾಲಿಯಿಂದ ರೋನೋಕ್]

ರಾಲಿ, ಕ್ಯಾರಿ ಕಡೆ ಇರುವ ಕನ್ನಡಿಗರೇ, 64ನೇ ಹೆದ್ದಾರಿ ಹಿಡಿದರೆ ನಿಮಗೆ ಮೂರು-ಮೂರೂವರೆ ಗಂಟೆಯ ದಾರಿ. ನಿಮ್ಮ ಊರಿಗೆ ಹೆಸರು ಕೊಟ್ಟ ವಾಲ್ಟರ್ ರಾಲಿಯೇ ಈ ಜನರನ್ನು ಕಳಿಸಿದವನು. ಅವನು ಮಾತ್ರ ಒಂದು ಸಲವೂ ಇಲ್ಲಿಗೆ ಬರಲಿಲ್ಲ.

ನಾಟಕ ಬರೆದವರು ಪಾಲ್ ಗ್ರೀನ್. ಮೊದಲ ಪ್ರದರ್ಶನ 1937ರ ಜುಲೈ 4ರಂದು. ಒಂದೇ ಬೇಸಿಗೆಗೆ ಅಂತ ಶುರುವಾದದ್ದು, ಮಹಾಯುದ್ಧದ ವರ್ಷಗಳು ಮತ್ತು 2020 ಬಿಟ್ಟರೆ ಇವತ್ತಿಗೂ ನಡೆದುಕೊಂಡು ಬಂದಿದೆ. ಬಯಲಾಟ ನೋಡಿ ಬೆಳೆದವರಿಗೆ ಆಕಾಶದ ಕೆಳಗೆ ಕೂತು ಕಥೆ ನೋಡುವ ಸುಖ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಇಲ್ಲಿ ರಂಗದ ಹಿಂದೆ ರೋನೋಕ್ ಸೌಂಡ್ ಎಂಬ ಕಡಲ ಕೊಲ್ಲಿಯ ನೀರೇ ಇದೆ.

ಆದರೆ ಸುಮ್ನೆ ಹೋಗಿ ಕೂರಬೇಡಿ. ವಿಂಗಿನಾ ಯಾರು ಅಂತ ತಿಳಿದುಕೊಂಡು ಹೋಗಿ.

[ಚಿತ್ರ: ಜಾನ್ ವೈಟ್ ಬರೆದ ಜಲವರ್ಣಗಳು]

1584ರಲ್ಲಿ ರಾಲಿಯ ಹಡಗುಗಳು ಮೊದಲು ಬಂದಾಗ ಮ್ಯಾಂಟಿಯೋ, ವಾಂಚೀಸ್ ಎಂಬ ಇಬ್ಬರು ಸ್ಥಳೀಯರನ್ನು ಲಂಡನ್‌ಗೆ ಕರೆದೊಯ್ದವು. ವಾಪಸ್ ಬಂದ ಮೇಲೆ ಮ್ಯಾಂಟಿಯೋ ಇಂಗ್ಲಿಷರ ಗೆಳೆಯನಾಗಿ ಉಳಿದ. ವಾಂಚೀಸ್ ಅವರ ವಿರುದ್ಧ ತಿರುಗಿದ. 1585ರಲ್ಲಿ ರಾಲ್ಫ್ ಲೇನ್ ಎಂಬ ಮುಖಂಡನ ಜೊತೆ ಬಂದ ಇಂಗ್ಲಿಷ್ ಗಂಡಸರು ಊಟಕ್ಕೂ ಸ್ಥಳೀಯರನ್ನೇ ನೆಚ್ಚಿಕೊಂಡರು. ಮರುವರ್ಷ ಆ ಸ್ಥಳೀಯರ ನಾಯಕ ವಿಂಗಿನಾನನ್ನು ಕೊಂದರು. ಆ ರಕ್ತ ಆರುವ ಮೊದಲೇ, 1587ರಲ್ಲಿ ಮಕ್ಕಳು-ಮರಿ ಕಟ್ಟಿಕೊಂಡು ಹೊಸ ಕುಟುಂಬಗಳು ಬಂದಿಳಿದವು. ಅವರು ಹೊರಟಿದ್ದು ಚೆಸಪೀಕ್ ಕೊಲ್ಲಿಗೆ. ಹಡಗಿನವರು ಇಲ್ಲೇ ಇಳಿಸಿಬಿಟ್ಟರು. ಹಿಂದಿನವರು ಮಾಡಿದ್ದಕ್ಕೆ ಇವರು ಬೆಲೆ ತೆರಬೇಕಾಯಿತು. ನನಗೆ ಈ ಕಥೆಯ ನಿಜವಾದ ನೋವು ಕಾಣುವುದು ಇಲ್ಲೇ.

ರಂಗದ ಮೇಲೆ ಇಂಗ್ಲಿಷರ ಕನಸಿಗೇ ಜಾಸ್ತಿ ಜಾಗ. 1587ರಲ್ಲಿ ಬಂದವರಲ್ಲಿ ಒಬ್ಬಳಾದ ಎಲೆನರ್ ಡೇರ್ ಮತ್ತು ಜಾನ್ ಬೋರ್ಡನ್ ನಡುವೆ ನಾಟಕ ತೋರಿಸುವ ಪ್ರೀತಿ ನಾಟಕಕಾರರ ಕಲ್ಪನೆ. ಎಷ್ಟೋ ದಶಕ ಸ್ಥಳೀಯರ ಪಾತ್ರಗಳನ್ನು ಬಣ್ಣ ಬಳಿದುಕೊಂಡ ಬಿಳಿಯರೇ ಮಾಡುತ್ತಿದ್ದರು. 2021ರಲ್ಲಿ ಅದು ನಿಂತಿತು. ಆ ಪಾತ್ರಗಳಿಗೆ ಲಂಬಿ ಮುಂತಾದ ಮೂಲನಿವಾಸಿ ಸಮುದಾಯಗಳ ಕಲಾವಿದರೇ ಬಂದರು. ಬಹಳ ತಡವಾಗಿ ಆದರೂ ಆಗಲೇಬೇಕಾಗಿದ್ದ ಬದಲಾವಣೆ ಇದು.

[ದೃಶ್ಯ: ಕೆತ್ತಿದ ಮರದ ಕಂಬ]

ಆಗಸ್ಟ್ 18, 1587. ಎಲೆನರ್‌ಗೆ ಹೆಣ್ಣು ಮಗು ಹುಟ್ಟಿತು. ಹೆಸರು ವರ್ಜೀನಿಯಾ ಡೇರ್. ಅಜ್ಜ ಜಾನ್ ವೈಟ್ ವಸಾಹತಿನ ಗವರ್ನರ್, ಮೇಲಾಗಿ ಚಿತ್ರಕಾರ. ಕೆಲವೇ ದಿನಗಳಲ್ಲಿ ದಿನಸಿ, ಸಹಾಯ ತರಲು ಇಂಗ್ಲೆಂಡಿಗೆ ಹೊರಟ. ಅಲ್ಲಿ ಸ್ಪೇನ್ ಜೊತೆ ಯುದ್ಧ. ವಾಪಸ್ ಬರಲು ಆಗಿದ್ದು 1590ರಲ್ಲಿ, ಅದೂ ಮೊಮ್ಮಗಳ ಹುಟ್ಟಿದ ದಿನವೇ. ಮನೆಗಳನ್ನು ಬಿಚ್ಚಿ ತೆಗೆದಿದ್ದರು. ತೊಗಟೆ ಸುಲಿದ ಕಂಬದ ಮೇಲೆ 'ಕ್ರೊಯಟೋವನ್' ಎಂದು ಕೆತ್ತಿತ್ತು. ಅದು ಮ್ಯಾಂಟಿಯೋನ ಜನರಿದ್ದ ದ್ವೀಪ. ಅಪಾಯ ಬಂದರೆ ಶಿಲುಬೆ ಗುರುತು ಹಾಕಿ ಎಂದು ಮೊದಲೇ ಮಾತಾಗಿತ್ತು. ಆ ಗುರುತು ಇರಲಿಲ್ಲ. ಹೂತಿಟ್ಟಿದ್ದ ಅವನ ಪೆಟ್ಟಿಗೆಗಳನ್ನು ಯಾರೋ ಅಗೆದು ತೆಗೆದಿದ್ದರು. ಪುಸ್ತಕಗಳ ರಟ್ಟು ಕಿತ್ತಿತ್ತು, ನಕ್ಷೆಗಳು ಮಳೆಗೆ ಕೊಳೆತಿದ್ದವು, ರಕ್ಷಾಕವಚವನ್ನು ತುಕ್ಕು ತಿಂದಿತ್ತು. ಬಿರುಗಾಳಿಯಿಂದಾಗಿ ಕ್ರೊಯಟೋವನ್‌ಗೆ ಹೋಗಲೂ ಆಗಲಿಲ್ಲ. ಮಗಳನ್ನು, ಮೊಮ್ಮಗಳನ್ನು ಅವನು ಮತ್ತೆ ನೋಡಲೇ ಇಲ್ಲ.

[ದೃಶ್ಯ: ಪ್ರೇಕ್ಷಕರು ಒಳಬರುತ್ತಿರುವುದು]

ಹೋಗುವವರಿಗೆ ಒಂದೆರಡು ಮಾತು. ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು ಮರೆಯಬೇಡಿ. ಕೊಡೆ ಹಿಡಿದರೆ ಹಿಂದಿನವರಿಗೆ ಕಾಣಲ್ಲ, ರೇನ್‌ಕೋಟ್ ಇಟ್ಟುಕೊಳ್ಳಿ. ಬೆಳಕಿರುವಾಗಲೇ ತಲುಪಿದರೆ ರಂಗಮಂದಿರ ಇರುವ ಫೋರ್ಟ್ ರಾಲಿಯಲ್ಲಿ ಮತ್ತೆ ಕಟ್ಟಿರುವ ಮಣ್ಣಿನ ಕೋಟೆ ನೋಡಬಹುದು. ಮರುದಿನ ಸಮಯವಿದ್ದರೆ ದಕ್ಷಿಣಕ್ಕೆ, ಹ್ಯಾಟರಸ್ ದ್ವೀಪಕ್ಕೆ ಹೋಗಿ. ವೈಟ್ ತಲುಪಲಾಗದ ಕ್ರೊಯಟೋವನ್ ಅದೇ. ಈಗ ಅಲ್ಲಿಗೆ ಕಾರಿನಲ್ಲೇ ಹೋಗಬಹುದು.