"ಚಿತ್ರಕೃಪೆ: ಇಂಟರ್ನೆಟ್" ಅನ್ನೋರಿಗೆ ಇವತ್ತು ಮಂಗಳಾರತಿ

ನಮಸ್ಕಾರ ನಮಸ್ಕಾರ, ಬನ್ನಿ, ಹೆಡ್‌ಫೋನ್ ಹಾಕ್ಕೊಂಡಿರೋರು ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ, ಇವತ್ತು ನಾನು ಕೂಗಾಡೋದು ಗ್ಯಾರಂಟಿ. ಅಸಲಿಗೆ ಈ ವಾರಕ್ಕೆ ಬೇರೆ ಸ್ಕ್ರಿಪ್ಟ್ ಇತ್ತು, ತುಂಬಾ ಸಾಧು ಸ್ಕ್ರಿಪ್ಟ್, ಜಪಾನಿನ ಕುನಿಯೋಶಿ ಅನ್ನೋ ಕಲಾವಿದ 19ನೇ ಶತಮಾನದಲ್ಲಿ ಬೆಕ್ಕುಗಳಿಗೆ ಬಟ್ಟೆ ತೊಡಿಸಿ ಮನುಷ್ಯರ ಥರ ಬಿಡಿಸ್ತಿದ್ನಲ್ಲ, ಅದರ ಬಗ್ಗೆ. ಅದನ್ನ ಮೆಂಬರ್ಸ್‌ಗೆ ಮೊದ್ಲು ಹಾಕ್ತೀನಿ. ಮೆಂಬರ್ ಆಗಿಲ್ದೇ ಇರೋರಿಗೆ ಕೆಳಗೆ ಬಟನ್ ಇದೆ, ನಾನೇನೂ ಬಲವಂತ ಮಾಡಲ್ಲ... ಮಾಡ್ತೀನಿ, ಆಮೇಲೆ ಮಾಡ್ತೀನಿ.

ಈಗ ವಿಷಯಕ್ಕೆ ಬರ್ತೀನಿ. ಹೋದ ವಿಡಿಯೋ ನೋಡಿದೋರಿಗೆ ಗೊತ್ತು, ಯುರೋಪಿನ ಹಳೇ ಕೈಬರಹದ ಪುಸ್ತಕಗಳ ಅಂಚಲ್ಲಿ ಬಿಡಿಸಿರೋ ತಲೆಹರಟೆ ಚಿತ್ರಗಳನ್ನ ತೋರಿಸಿದ್ದೆ. ಕಬ್ಬಿಣದ ಕವಚ ತೊಟ್ಟ ಸೈನಿಕ ಈಟಿ ಹಿಡ್ಕೊಂಡು ಯುದ್ಧ ಮಾಡ್ತಿರೋದು ಯಾರ ಮೇಲೆ? ಬಸವನಹುಳದ ಮೇಲೆ! ಕೆಲವು ಕಡೆ ಕತ್ತಿ ಕೆಳಗೆ ಹಾಕಿ ಮಂಡಿಯೂರಿ ಶರಣಾಗಿದಾನೆ, ಬಸವನಹುಳಕ್ಕೆ. 14ನೇ ಶತಮಾನದ 'ಸ್ಮಿತ್‌ಫೀಲ್ಡ್ ಡಿಕ್ರೀಟಲ್ಸ್' ಅನ್ನೋ ಪುಸ್ತಕ, ಈಗ ಬ್ರಿಟಿಷ್ ಲೈಬ್ರರಿಲಿದೆ, ಅದು ಚರ್ಚಿನ ಕಾನೂನು ಪುಸ್ತಕ ಕಣ್ರೀ, ಭಾರೀ ಸೀರಿಯಸ್ ಪುಸ್ತಕ, ಅದರ ಪುಟಗಳ ಅಡಿಯಲ್ಲಿ ಮೊಲಗಳು ಬೇಟೆಗಾರನಿಗೇ ಬಾಣ ಬಿಟ್ಟು, ಹಗ್ಗ ಕಟ್ಟಿ, ವಿಚಾರಣೆ ಮಾಡಿ ತಲೆ ತೆಗೆಯೋ ಸೀರೀಸ್ ಇದೆ. ಮೇಲೆ ಕಾನೂನು, ಕೆಳಗೆ ಮೊಲಗಳ ಕೋರ್ಟು. ಇದನ್ನೆಲ್ಲ ನಾನು ಪುಸ್ತಕದ ಹೆಸರು, ಶತಮಾನ, ಎಲ್ಲಿದೆ ಅಂತ ಸಮೇತ ಹೇಳ್ದೆ.

ಅದಕ್ಕೊಂದು ಕಾಮೆಂಟ್. ಓದ್ತೀನಿ ಕೇಳಿ. "ಬ್ರೋ ಪಿಕ್ಸ್ ಬೆಂಕಿ, ಆದ್ರೆ ಯಾರ್ ಮಾಡಿದ್ದು ಯಾವ್ ಕಾಲ ಅಂತೆಲ್ಲ ಯಾಕೆ ಕೊರೀತೀರಾ, ನೆಟ್‌ಗೆ ಬಂದ್ಮೇಲೆ ಅದು ಎಲ್ರದ್ದೂ." ಇದಕ್ಕೆ ಸಿಕ್ಕಾಪಟ್ಟೆ ಲೈಕು! ವಿಡಿಯೋಗೆ ಅಷ್ಟು ಲೈಕ್ ಬಂದಿದ್ರೆ ನಾನು ಹೊಸ ಮೈಕ್ ತಗೋತಿದ್ದೆ. ಇದರ ಜೊತೆಗೆ ಅದೇ ವಾರ ಒಂದು ಪೇಜ್‌ನೋರು, ಹೆಸರು ಹೇಳಲ್ಲ, ನನ್ನ ವಿಡಿಯೋದಿಂದಲೇ ಮೊಲದ ಸ್ಕ್ರೀನ್‌ಶಾಟ್ ತೆಗ್ದು, ಮೂಲೆಲಿದ್ದ ಪುಸ್ತಕದ ಹೆಸರನ್ನ ನೀಟಾಗಿ ಕ್ರಾಪ್ ಮಾಡಿ, ತಮ್ಮ ಲೋಗೋನ ಮೊಲದ ಮುಖದ ಮೇಲೇ ಒತ್ತಿ, ಕೆಳಗೆ ಏನು ಹಾಕಿದಾರೆ? "ಚಿತ್ರಕೃಪೆ: ಇಂಟರ್ನೆಟ್".

ಇಂಟರ್ನೆಟ್ಟಂತೆ! ಇಂಟರ್ನೆಟ್ ಏನು ಬ್ರಶ್ ಹಿಡ್ಕೊಂಡು ಕೂತಿತ್ತಾ? ಕೇಬಲ್‌ಗೆ ಕೃತಜ್ಞತೆ ಹೇಳ್ತಿದೀರಾ? ರೌಟರ್‌ಗೆ ಹಾರ ಹಾಕಿ ಹಂಗಿದ್ರೆ!

ನನ್ನ ಮಾತು ಒಂದೇ, ಇವತ್ತು ಪೂರ್ತಿ ಇದನ್ನೇ ಹೇಳ್ತೀನಿ, ಬೋರಾದ್ರೆ ಆಗ್ಲಿ. ವಿಚಿತ್ರವಾದ ಚಿತ್ರ, ತಮಾಷೆ ಶಿಲ್ಪ, ಯಾವುದೋ ಹಳೇ ಹಾಡು, ಏನಾದ್ರೂ ಹಂಚ್ಕೊಳ್ಳಿ, ಹಂಚ್ಕೊಳ್ಳೋದೇ ಮಜಾ, ನನ್ನ ಚಾನೆಲ್ ನಡೀತಿರೋದೇ ಅದ್ರಿಂದ. ಆದ್ರೆ ಮಾಡಿದೋರ ಹೆಸರು ಹಾಕಿ. ಅಷ್ಟೇ. ಹೆಸರು ಹಾಕಿ.

"ಅಣ್ಣ ಆ ಬಸವನಹುಳ ಬಿಡಿಸಿದೋನ ಹೆಸರು ನೀವೂ ಹೇಳ್ಲಿಲ್ಲವಲ್ಲ" ಅಂತ ಒಬ್ಬ ಬುದ್ಧಿವಂತ ಆಗ್ಲೇ ಟೈಪ್ ಮಾಡ್ತಿರ್ತಾನೆ, ನಂಗೊತ್ತು. ಅಪ್ಪಾ, ಅವನ ಹೆಸರು ಯಾರಿಗೂ ಗೊತ್ತಿಲ್ಲ, ಅದಕ್ಕೇ ಪುಸ್ತಕದ ಹೆಸರು ಹೇಳ್ದೆ, ಎಲ್ಲಿದೆ ಅಂತ ಹೇಳ್ದೆ. ಹುಡುಕಿ ಸಿಗದೇ ಇರೋದು ಬೇರೆ, ಹುಡುಕ್ದೇನೇ ಕೃಪೆ ಇಂಟರ್ನೆಟ್ ಅನ್ನೋದು ಬೇರೆ. ನೆಕ್ಸ್ಟ್.

ಹೆಸರು ಇಲ್ದಿದ್ರೆ ಏನಾಗುತ್ತೆ ಅಂತೀರಾ? ಮೋಮೋ ನೆನಪಿದೆಯಾ? 2018-19ರಲ್ಲಿ ಪ್ರಪಂಚದ ಅರ್ಧ ಅಪ್ಪ ಅಮ್ಮಂದಿರ ನಿದ್ದೆ ಕೆಡಿಸಿದ್ದ ಆ ಮುಖ. ಗುಡ್ಡೆ ಆಚೆ ಬಿದ್ದಂಗಿರೋ ಕಣ್ಣು, ಎರಡು ಕಿವಿ ತನಕ ಎಳೆದ ತೆಳ್ಳನೆ ಬಾಯಿ, ಉದ್ದಕ್ಕೆ ಇಳಿಬಿದ್ದ ತೆಳು ಕೂದಲು. "ಮೋಮೋ ಮೆಸೇಜ್ ಮಾಡುತ್ತೆ, ಮಕ್ಕಳ ಹತ್ರ ಏನೇನೋ ಮಾಡಿಸುತ್ತೆ" ಅಂತ ಸುದ್ದಿ, ಪೊಲೀಸರು ಎಚ್ಚರಿಕೆ ಕೊಟ್ರು, ಸ್ಕೂಲ್‌ಗಳು ಪೋಷಕರಿಗೆ ಪತ್ರ ಬರೆದ್ವು. ಕೊನೆಗೆ ಅದೆಲ್ಲ ಬುರುಡೆ ಅಂತಾಯ್ತು. ಅಸಲಿಗೆ ಅದೇನು? ಒಂದು ಶಿಲ್ಪ ರೀ! ಜಪಾನಿನ ಐಸೋ ಕೇಸುಕೆ ಅನ್ನೋ ಕಲಾವಿದ ಮಾಡಿದ್ದು, ಹೆಸರು 'ಮದರ್ ಬರ್ಡ್', 2016ರಲ್ಲಿ ಟೋಕಿಯೋದ ಒಂದು ಗ್ಯಾಲರಿಲಿ ಇಟ್ಟಿದ್ರು, ಜನ ಪಕ್ಕದಲ್ಲಿ ನಿಂತು ಫೋಟೋ ಹೊಡ್ಸ್ಕೊಂಡಿದ್ರು. ಹೆರಿಗೇಲಿ ಸತ್ತ ಹೆಣ್ಣು ದೆವ್ವ ಆಗ್ತಾಳೆ ಅನ್ನೋ ಅವರ ಕಡೆಯ ಜಾನಪದ ಕಥೆ ಇಟ್ಕೊಂಡು ಮಾಡಿದ್ದು. ಪೂರ್ತಿ ಫೋಟೋ ನೋಡಿದ್ರೆ ಕೆಳಗೆ ಹಕ್ಕಿ ಕಾಲಿದೆ! ಕೋಳಿ ಕಾಲು ಥರದ ಕಾಲು! ಅದನ್ನ ನೋಡಿದೋರು ಹೆದರ್ಕೊಳ್ಳಲ್ಲ, "ಅಯ್ಯೋ ಇದೇನಪ್ಪ" ಅಂತ ನಗ್ತಾರೆ. ಆದ್ರೆ ಯಾವನೋ ಪುಣ್ಯಾತ್ಮ ಕಾಲನ್ನ ಕ್ರಾಪ್ ಮಾಡ್ದ, ಹೆಸರನ್ನ ಕ್ರಾಪ್ ಮಾಡ್ದ, ಶಿಲ್ಪ ಹೋಗಿ ದೆವ್ವ ಆಯ್ತು. ರಬ್ಬರಿನ ಆ ಶಿಲ್ಪ ಕೊಳೆತು ಹೋಗಿತ್ತು, ಬಿಸಾಕಿಬಿಟ್ಟೆ ಅಂತ ಆ ಕಲಾವಿದನೇ ಹೇಳ್ಬೇಕಾಯ್ತು, ಮಕ್ಕಳು ಹೆದರಬೇಡಿ ಅದು ಇನ್ನಿಲ್ಲ ಅಂತ. ಎರಡು ಪದ ರೀ, ಐಸೋ ಕೇಸುಕೆ, ಅಷ್ಟು ಟೈಪ್ ಮಾಡಿದ್ರೆ ಇಷ್ಟೆಲ್ಲ ರಾಮಾಯಣ ಇರ್ತಿರ್ಲಿಲ್ಲ.

ಹೆಸರು ಹಾಕಿ.

"ಮೀಮ್ ಅಂದ್ರೇನೇ ಹಂಗೆ ಗುರು, ಅದಕ್ಕೆ ಅಪ್ಪ ಅಮ್ಮ ಇರಲ್ಲ." ಯಾರ್ ಹೇಳಿದ್ದು ಇರಲ್ಲ ಅಂತ? ಪೆಪೆ ಅನ್ನೋ ಹಸಿರು ಕಪ್ಪೆಗೆ ಅಪ್ಪ ಇದಾನೆ, ಮ್ಯಾಟ್ ಫ್ಯೂರಿ, 2005ರಲ್ಲಿ ತನ್ನ ಕಾಮಿಕ್ಸ್‌ಗೆ ಅಂತ ಬಿಡಿಸಿದ್ದು, ಆರಾಮಾಗಿ ಬಿದ್ಕೊಂಡಿರೋ ಸೋಮಾರಿ ಕಪ್ಪೆ. ಜನ ಎತ್ಕೊಂಡ್ರು, ತಿರುಚಿದ್ರು, ಎಲ್ಲಿಗೆ ಹೋಯ್ತು ಅಂದ್ರೆ 2016ರಲ್ಲಿ ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡೋ ಅಮೆರಿಕದ ಆಂಟಿ ಡಿಫಮೇಶನ್ ಲೀಗ್ ಅನ್ನೋ ಸಂಸ್ಥೆ ಅದನ್ನ ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸ್ತು. ಆ ಮನುಷ್ಯ ಬೇಜಾರಾಗಿ 2017ರಲ್ಲಿ ಕಾಮಿಕ್ಸಲ್ಲೇ ಕಪ್ಪೆನ ಸಾಯಿಸಿ ಶವಪೆಟ್ಟಿಗೆಲಿ ಮಲಗಿಸ್ದ. ತಾನು ಬಿಡಿಸಿದ ಕಪ್ಪೆಗೆ ತಾನೇ ತಿಥಿ ಮಾಡ್ದ! ಆಮೇಲೆ ಕೋರ್ಟಿಗೂ ಹೋದ, 2019ರಲ್ಲಿ ಇನ್ಫೋವಾರ್ಸ್ ಅನ್ನೋ ಅಮೆರಿಕದ ವೆಬ್‌ಸೈಟ್‌ನೋರು 15,000 ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ಇದನ್ನೆಲ್ಲ ಕೇಳಿದ್ಮೇಲೂ ಎಲ್ರದ್ದೂ ಅಂತೀರಾ? ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ.

ಲೂಯಿ ವೇಯ್ನ್ ಕಥೆ ಇನ್ನೂ ಚೆನ್ನಾಗಿದೆ, ಚೆನ್ನಾಗಿದೆ ಅಂದ್ರೆ ಹೊಟ್ಟೆ ಉರಿಯುತ್ತೆ. ಇಂಗ್ಲೆಂಡಿನ ಬೆಕ್ಕಿನ ಚಿತ್ರಕಾರ, 1939ರಲ್ಲಿ ತೀರ್ಕೊಂಡ. ಅವನ ಬೆಕ್ಕುಗಳನ್ನ ಸಾಲಾಗಿ ಜೋಡಿಸಿರೋ ಪೋಸ್ಟ್ ನೀವೂ ನೋಡಿರ್ತೀರ, ಮೊದಲ್ನೇದು ಮುದ್ದಾದ ಬೆಕ್ಕು, ಆಮೇಲೆ ಕಣ್ಣು ದೊಡ್ಡದಾಗುತ್ತೆ, ಆಮೇಲೆ ರೋಮ ಎಲ್ಲ ಚೂಪು ಚೂಪು ಗೆರೆ ಆಗುತ್ತೆ, ಕೊನೇಲಿ ಬೆಕ್ಕೇ ಕಾಣಲ್ಲ, ಬರೀ ಬಣ್ಣ, ಮೂಲೆ, ವಿನ್ಯಾಸ. ಕೆಳಗೆ ಕ್ಯಾಪ್ಷನ್: "ಹುಚ್ಚು ಹೆಚ್ಚಾಗ್ತಾ ಹೋದಂಗೆ ಕಲಾವಿದನ ಚಿತ್ರ ಬದಲಾದ ರೀತಿ", ಜೊತೆಗೆ ಅಳೋ ಇಮೋಜಿ. ಆ ಚಿತ್ರಗಳ ಮೇಲೆ ತಾರೀಕೇ ಇಲ್ಲ! ವಾಲ್ಟರ್ ಮಕ್ಲೇ ಅನ್ನೋ ಮನೋವೈದ್ಯ ಅವುಗಳನ್ನ ಒಟ್ಟು ಮಾಡಿ, ತನ್ನ ಥಿಯರಿಗೆ ಹೊಂದೋ ಹಂಗೆ ತಾನೇ ಸಾಲು ಮಾಡ್ದ. ಮಾನಸಿಕ ಆಸ್ಪತ್ರೆಲಿದ್ದಾಗ್ಲೂ ವೇಯ್ನ್ ಮಾಮೂಲಿ ಮುದ್ದು ಬೆಕ್ಕುಗಳನ್ನ ಬಿಡಿಸ್ತಾನೇ ಇದ್ದ. ಅವನ ಹೆಸರು ಹಾಕ್ತಾರೆ, ಒಪ್ಕೋತೀನಿ, ಆದ್ರೆ ಜೋಡಿಸಿದೋನ ಹೆಸರು ಹಾಕಲ್ಲ. ಆ ಸಾಲು ಮಾಡಿದೋನ ಹೆಸರೂ ಹಾಕಿ ಸ್ವಾಮಿ!

ಅಂದಹಾಗೆ ಲೂಯಿ ವೇಯ್ನ್ ಬಗ್ಗೆ ನಮ್ದೊಂದು ಪೂರ್ತಿ ಎಪಿಸೋಡ್ ಇದೆ, ಅದು ಯಾಕೋ ಓಡಲೇ ಇಲ್ಲ, ದಯವಿಟ್ಟು ನೋಡಿ, ಬೆಕ್ಕಿದೆ ಅದ್ರಲ್ಲಿ, ಬೆಕ್ಕಿರೋ ವಿಡಿಯೋನೇ ಓಡ್ಲಿಲ್ಲ ಅಂದ್ರೆ ನಾನು ಇನ್ನೇನು ಮಾಡ್ಲಿ.

ಇನ್ನೊಂದು ವಾದ ಬರುತ್ತೆ, ಇದು ನಂಗೆ ತುಂಬಾ ಇಷ್ಟ: "ನಾವು ಶೇರ್ ಮಾಡೋದ್ರಿಂದ ಕಲಾವಿದರಿಗೇ ಒಳ್ಳೇದಲ್ವಾ, ಎಕ್ಸ್‌ಪೋಷರ್ ಸಿಗುತ್ತಲ್ವಾ." ಯಾರಿಗೆ ಸಿಗುತ್ತೆ? ಹೆಸರೇ ಇಲ್ಲ! ಲಕ್ಷ ಜನ ನೋಡಿದ್ರು, ಲಕ್ಷ ಜನಕ್ಕೂ ಗೊತ್ತಾಗಿದ್ದು ನಿಮ್ಮ ಪೇಜಿನ ಲೋಗೋ. ಊಟಕ್ಕೆ ಕರೆದು ಎಲೆ ಹಾಕ್ದೇ ವಾಸನೆ ತೋರ್ಸಿ ಕಳಿಸ್ದಂಗೆ ಇದು.

"ಹುಡುಕೋಕೆ ಟೈಮಿಲ್ಲ." ಲೋಗೋ ಅಂಟಿಸೋಕೆ ಟೈಮಿದೆ! ಹಿನ್ನೆಲೆ ಬ್ಲರ್ ಮಾಡೋಕೆ ಟೈಮಿದೆ, ದುಃಖದ ಮ್ಯೂಸಿಕ್ ಹಾಕೋಕೆ ಟೈಮಿದೆ! ಗೂಗಲ್ ಲೆನ್ಸ್ ಇದೆ, ಟಿನ್‌ಐ ಅಂತೂ 2008ರಿಂದಲೇ ಇದೆ, ಫೋಟೋ ಹಾಕಿದ್ರೆ ಎಲ್ಲೆಲ್ಲಿ ಬಂದಿದೆ ಅಂತ ತೋರಿಸುತ್ತೆ, ಹಳೇದು ಯಾವುದು ಅಂತ ವಿಂಗಡಿಸಿ ನೋಡ್ಬಹುದು. ಅಷ್ಟೂ ಬೇಡ, ಚಿತ್ರದ ಕೆಳಗಿನ ಮೂಲೆ ಜೂಮ್ ಮಾಡಿ, ಅಲ್ಲೊಂದು ಸಣ್ಣ ಸಹಿ ಇರುತ್ತೆ. ಇರುತ್ತೆ ಅಂದ್ರೆ, ಇತ್ತು, ನಿಮ್ಮಂಥೋರ ಕೈಗೆ ಸಿಗೋ ತನಕ. ಒಬ್ಬ ಕ್ರಾಪ್ ಮಾಡ್ತಾನೆ, ಇನ್ನೊಬ್ಬ ಸ್ಕ್ರೀನ್‌ಶಾಟ್ ತೆಗೀತಾನೆ, ಮತ್ತೊಬ್ಬ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ತಾನೆ, ಫೈಲ್ ಒಳಗಿದ್ದ ಮಾಹಿತಿ ಹಾರೋಗುತ್ತೆ, ಪ್ರತಿ ಸಲ ಕಂಪ್ರೆಸ್ ಆಗಿ ಆಗಿ ಗೆರೆಗಳ ಅಂಚೆಲ್ಲ ಚೌಕ ಚೌಕ ಒಡೆದು ಹೋಗಿರುತ್ತೆ, ಕೊನೆಗೆ ನಮ್ಮ ಕೈಗೆ ಬರೋ ಹೊತ್ತಿಗೆ ಅದು ಚಿತ್ರ ಅಲ್ಲ, ಚಿತ್ರದ ಅಸ್ಥಿ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನೋರು 2017ರಲ್ಲಿ 3,75,000ಕ್ಕೂ ಹೆಚ್ಚು ಚಿತ್ರಗಳನ್ನ ಫ್ರೀಯಾಗಿ ಬಿಟ್ಟಿದಾರೆ, ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂತ, ಪ್ರತಿಯೊಂದ್ರ ಜೊತೆಗೂ ಮಾಹಿತಿ ಬರೆದಿದೆ. ಕಾಪಿ ಪೇಸ್ಟ್ ಮಾಡೋಕೂ ಕಷ್ಟ ಅಂದ್ರೆ ಬೆರಳು ಯಾಕಿದೆ?

ಹೆಸರು ಸಿಕ್ಕಿದ್ರೆ ಮಜಾ ಜಾಸ್ತಿ ಆಗುತ್ತೆ, ಅದ್ಯಾಕೆ ಯಾರಿಗೂ ಅರ್ಥ ಆಗಲ್ಲ? ಟೋಪಿ ಹಾಕ್ಕೊಂಡು ಕ್ಯಾಮೆರಾ ಕಡೆ ಬೆರಳು ತೋರ್ಸಿ ಕಿಸಕ್ ಅಂತ ನಗೋ ಆ ಹಳೇ ಕಾಲದ ಮನುಷ್ಯನ ಮೀಮ್ ಇದೆಯಲ್ಲ, ಅದು ಜೋಸೆಫ್ ಡುಕ್ರೂ, ಫ್ರಾನ್ಸಿನ ಆಸ್ಥಾನ ಕಲಾವಿದ, ಅವನೇ ಬಿಡಿಸಿಕೊಂಡ ಅವನದೇ ಚಿತ್ರ. ಮದುವೆಗೆ ಮುಂಚೆ ಮೇರಿ ಆಂಟೋನೆಟ್‌ಳ ಚಿತ್ರ ಬಿಡಿಸೋಕೆ 1769ರಲ್ಲಿ ವಿಯೆನ್ನಾಗೆ ಕಳಿಸಿದ್ದು ಇವನನ್ನೇ. ರಾಣಿ ಆಗೋಳನ್ನ ಗಂಭೀರವಾಗಿ ಬಿಡಿಸಿದ ಅದೇ ಕೈ, ಮನೇಲಿ ಕೂತು ತಾನು ಬಾಯಿ ಅಗಲಿಸಿ ಆಕಳಿಸೋದನ್ನೂ ಬಿಡಿಸಿದೆ, ನಿಜವಾಗ್ಲೂ, ಆಕಳಿಸೋ ಚಿತ್ರ ಇದೆ, ಗೆಟ್ಟಿ ಮ್ಯೂಸಿಯಂಲಿದೆ. ಹೆಸರು ಗೊತ್ತಿಲ್ದಿದ್ರೆ ಈ ಆಕಳಿಕೆ ನಿಮಗೆ ಸಿಗ್ತಿತ್ತಾ? ಹೇಳಿ, ಸಿಗ್ತಿತ್ತಾ?

ಜರ್ಮನ್ ರೇಡಿಯೋದಿಂದ 80ರ ದಶಕದಲ್ಲಿ ಯಾರೋ ಕ್ಯಾಸೆಟ್‌ಗೆ ರೆಕಾರ್ಡ್ ಮಾಡ್ಕೊಂಡಿದ್ದ ಒಂದು ಹಾಡಿಗೋಸ್ಕರ ಜನ ವರ್ಷಗಟ್ಟಲೆ ಹುಡುಕಿ, 2024ರ ನವೆಂಬರಲ್ಲಿ ಫೆಕ್ಸ್ ಅನ್ನೋ ಬ್ಯಾಂಡು ಅಂತ ಕಂಡುಹಿಡಿದ್ರು. ಆ ಬ್ಯಾಂಡ್‌ನೋರಿಗೇ ಗೊತ್ತಿರ್ಲಿಲ್ಲ ತಮ್ಮನ್ನ ಪ್ರಪಂಚ ಹುಡುಕ್ತಿದೆ ಅಂತ! ಅವರು ಅಷ್ಟು ವರ್ಷ ಹುಡುಕಿದಾರೆ, ನಿಮಗೆ ಎರಡು ನಿಮಿಷ ಭಾರ.

ಎಐ ವಿಷಯ ತೆಗೀಬೇಡಿ ಇವತ್ತು. 2023ರಲ್ಲಿ ಪೋಪ್ ಬಿಳಿ ಪಫರ್ ಜಾಕೆಟ್ ಹಾಕ್ಕೊಂಡಿದ್ದ ಫೋಟೋ ನೋಡಿ ಎಲ್ರೂ ಮೋಸ ಹೋದ್ರು, ಹೌದು, ಹಂಗಿದ್ರೆ ಎಐ ಅಂತ ಹಾಕಿ. ಅದೂ ಹೆಸರೇ. ಹಾಕಿ. ಏನೋ ಒಂದು ಹಾಕಿ!

ಲೈವ್ ಚಾಟಲ್ಲಿ ಒಬ್ಬರು ಕೇಳ್ತಿದಾರೆ, "ನಿಮ್ಮ ಇಂಟ್ರೋ ಮ್ಯೂಸಿಕ್ ಯಾರದ್ದು" ಅಂತ. ಅದು ಫ್ರೀ ಲೈಬ್ರರಿದು. ಅದು ಬೇರೆ ವಿಷಯ. ಫ್ರೀ ಅಂತ ಅವರೇ ಬರೆದಿದಾರೆ. ಇಲ್ಲ, ಅದು ಬೇರೆ. ಬೇರೆ ಅಂದ್ರೆ ಬೇರೆ. ಮಾಡರೇಟರ್ ಎಲ್ಲಿದಾರೆ? ಮುಂದಕ್ಕೆ ಹೋಗೋಣ.

ಏನ್ ಹೇಳ್ತಿದ್ದೆ? ಹಾಂ, ಹೆಸರು. ನೋಡಿ ನನ್ನತ್ರ ಸ್ಕ್ರಿಪ್ಟಲ್ಲಿ ಇನ್ನೂ ಎರಡು ಪಾಯಿಂಟ್ ಇದ್ವು, ಕಾಪಿರೈಟ್ ಬಗ್ಗೆ ಒಂದು, ಇನ್ನೊಂದು ನನ್ನ ಹ್ಯಾಂಡ್‌ರೈಟಿಂಗ್ ನಂಗೇ ಅರ್ಥ ಆಗ್ತಿಲ್ಲ, ಬಿಡಿ, ಕಾರಣ ಯಾಕೆ ಬೇಕು ಇದಕ್ಕೆ? ಮಾಡಿದೋರ ಹೆಸರು ಹಾಕಿ ಅನ್ನೋಕೆ ಕಾರಣ ಬೇಕಾ? ಆ ಪೇಜ್‌ನೋರು ನಿನ್ನೆ ನನ್ನನ್ನ ಬ್ಲಾಕ್ ಮಾಡಿದ್ರು, ನಾನು ಬರೀ "ಪುಸ್ತಕದ ಹೆಸರು ಹಾಕ್ಬಹುದಿತ್ತು" ಅಂತ ಬರೆದಿದ್ದೆ, ಸರಿ, ಅದನ್ನ ಅವರ ಎಲ್ಲ ಪೋಸ್ಟ್ ಕೆಳಗೂ ಬರೆದಿದ್ದೆ, ಅದಕ್ಕೇ ಬ್ಲಾಕಾ? ದಯವಿಟ್ಟು ನೀವು ಯಾರೂ ಹೋಗಿ ಅಲ್ಲಿ ಕಿತ್ತಾಡ್ಬೇಡಿ. ಅಷ್ಟಕ್ಕೂ ನಾನು ಪೇಜ್ ಹೆಸರು ಹೇಳಿಲ್ಲ. ಹೆಸರು ಹಾಕಿ ಹಾಕಿ ಅಂತ ಬಡ್ಕೊಂಡು ನಾನೇ ಹೇಳ್ಲಿಲ್ಲ ಅಂತ ಕಾಮೆಂಟ್ ಹಾಕ್ಬೇಡಿ, ಅದೂ ಬೇರೆ ವಿಷಯ.

ಸರಿ, ಲೈಕ್ ಮಾಡಿ, ಶೇರ್ ಮಾಡಿ, ಶೇರ್ ಮಾಡುವಾಗ ಚಾನೆಲ್ ಹೆಸರು ಹಾಕಿ, ಆ ಬಟನ್ ವಿಷಯ ಹೇಳಿದ್ನಲ್ಲ, ಒತ್ತಿ, ಈಗ ಬಲವಂತ ಮಾಡ್ತಿದೀನಿ. ನಮ್ಮ ಎಡಿಟರ್ ಹೆಸರು ಡಿಸ್ಕ್ರಿಪ್ಷನಲ್ಲಿದೆ. ಬೇಡ ಅಣ್ಣ, ನನ್ನ ಹೆಸರು ಈ ವಿಡಿಯೋಗೆ ಬೇಡ್ವೇ ಬೇಡ ಅಂತ ಅಂಗಲಾಚಿದ. ಹಾಕಿದೀನಿ.